ಮಾಗಿಯ ಇರುಳಿನ ಹರಿಕಾರ

ಪುಷ್ಯಮಾಸದ ಬೆಳಗಿನ ಜಾವದಲ್ಲಿ ರಾಮನಗರದ ಹೊರವಲಯದ ರಸ್ತೆಗೆ ಬಂದು ನಿಂತವರಿಗೆ ಒಂದು ನೋಟ ಕಾಣಸಿಗುತ್ತದೆ. ಅರ್ಕಾವತಿಯ ಪಾತ್ರದಿಂದ ಎದ್ದ ಮಂಜು ರಾಮದೇವರ ಬೆಟ್ಟದ ಸೊಂಟದವರೆಗೂ ಕವಿದುಕೊಂಡಿರುತ್ತದೆ. ಹೊಲದ ಬದುಗಳಲ್ಲಿ ಅವರೆಯ ಗಿಡ ಇಬ್ಬನಿಯಲ್ಲಿ ನೆಂದು ಸೊಗಡು ಬೀರುತ್ತಿರುತ್ತದೆ. ಕಣದ ಕಾವಲಿನವನು ಕಂಬಳಿಯ ಮುಸುಕು ತೆಗೆಯದೆ, ರಾಗಿಯ ಮೆದೆಯಿಂದ ದೂರದಲ್ಲಿ ಒಟ್ಟಿದ ಬೆಂಕಿಯನ್ನು ಕೆದಕುತ್ತಿರುತ್ತಾನೆ. ಅಂಥ ಹೊತ್ತಿನಲ್ಲಿ ಮಂಜಿನೊಳಗಿಂದ ಮೊದಲು ಹೆಜ್ಜೆಯ ಸದ್ದು, ಆಮೇಲೆ ಉಸಿರಿನ ಸದ್ದು, ಕೊನೆಗೆ ಹತ್ತೆಂಟು ಮಂದಿ ಹುಡುಗರು ಹೊರಬರುತ್ತಾರೆ. ಮೈಮೇಲೆ ಒಂದು ತೆಳು ಬನಿಯನು; ಬಾಯಿಂದ ಹೊಗೆಯಂತೆ ಹೊರಡುವ ಉಸಿರು. ಓಡುತ್ತಿದ್ದಾರೆ.

ಇವರು ಆರೋಗ್ಯಕ್ಕಾಗಿ ಓಡುವವರೆಂದು ಬಹಳ ದಿನ ನಾನು ತಿಳಿದಿದ್ದೆ. ಬೆಂಗಳೂರಿನಿಂದ ವಾರಕ್ಕೊಮ್ಮೆ ಕಾರಿನಲ್ಲಿ ಬಂದು ಬೆಟ್ಟದ ಸುತ್ತ ಓಡಿಹೋಗುವ ಉತ್ಸಾಹಿಗಳು ಉಂಟು. ಆದರೆ ಈ ಹುಡುಗರ ಗುಂಪು ಬೇರೆ. ಸುತ್ತಮುತ್ತಲ ಹಳ್ಳಿಗಳ ಮಕ್ಕಳು. ಪೊಲೀಸು ಪೇದೆಯ ಕೆಲಸಕ್ಕೆ 1600 ಮೀಟರನ್ನು ಆರೂವರೆ ನಿಮಿಷದೊಳಗೆ ಓಡಿ ಮುಟ್ಟಬೇಕೆಂಬ ನಿಯಮವುಂಟಷ್ಟೆ. ಅದಕ್ಕಾಗಿ ಈ ಅಭ್ಯಾಸ. ಹೊಟ್ಟೆಯ ಓಟ. ಅವರಲ್ಲೊಬ್ಬ ನನ್ನ ತರಗತಿಯ ವಿದ್ಯಾರ್ಥಿ. ಹಿಂದಿನ ಬೆಂಚಿನಲ್ಲಿ ಕೂತು, ಬೆಳಗಿನ ಓಟದ ದಣಿವಿನಿಂದ ಆಗಾಗ ತೂಕಡಿಸುವವನು.

ಒಂದು ದಿನ ಹೊಸಗನ್ನಡ ಕಾವ್ಯದ ಪಾಠ ನಡೆದಿತ್ತು. ನಾನು ಎಂದಿನ ವಾಡಿಕೆಯಂತೆ ‘ನವೋದಯದ ಹರಿಕಾರರು’ ಎಂದು ಬಿ. ಎಂ. ಶ್ರೀಕಂಠಯ್ಯನವರನ್ನು ಕೊಂಡಾಡುತ್ತಿದ್ದೆ. ತೂಕಡಿಸುತ್ತಿದ್ದ ಹುಡುಗ ಎದ್ದು ನಿಂತು, “ಹರಿಕಾರ ಅಂದರೆ ಏನು ಸಾರ್?” ಎಂದ. “ಮೊದಲಿಗ, ದಾರಿ ತೋರಿದವನು” ಎಂದು ಹೇಳಿ ಕೂರಿಸಿದೆ. ಇಪ್ಪತ್ತು ವರ್ಷ ಇದೇ ಉತ್ತರವನ್ನು ಹೇಳಿಕೊಂಡು ಬಂದವನು ನಾನು. ಆ ಸಂಜೆ ಮನೆಗೆ ಬಂದು ನಿಘಂಟನ್ನು ತೆರೆದಾಗ, ಹುಡುಗನಿಗೆ ಅರ್ಧ ಉತ್ತರವನ್ನು ಮಾತ್ರ ಕೊಟ್ಟಿದ್ದೇನೆಂದು ತಿಳಿಯಿತು. ಹರಿಕಾರ ಎಂದರೆ ಓಡುವವನು. ಓಲೆಯನ್ನು ಹೊತ್ತು ಓಡುವವನು. ಬೆಳಗಿನ ಮಂಜಿನಲ್ಲಿ ಓಡುವ ಹುಡುಗನೇ ಆ ಮಾತಿನ ಅರ್ಥವನ್ನು ಕೇಳಿದ್ದ. ಆ ಅರ್ಥವಿದ್ದದ್ದು ಅವನು ದಿನವೂ ತುಳಿಯುವ ದಾರಿಯಲ್ಲೇ. ಈ ಲೇಖನ ಆ ಉತ್ತರದ ಉಳಿದರ್ಧ.

ಎರಡು ಮಾತುಗಳ ಕಥೆ

‘ಹರ್‌ಕಾರಾ’ ಎಂಬುದು ಪಾರಸಿಯಿಂದ ಬಂದ ಮಾತು. ‘ಹರ್’ ಎಂದರೆ ಪ್ರತಿಯೊಂದು, ‘ಕಾರ್’ ಎಂದರೆ ಕೆಲಸ. ಎಲ್ಲ ಕೆಲಸಕ್ಕೂ ಒದಗುವ ಆಳು ಎಂಬುದು ಮೂಲಾರ್ಥ. ಮೊಗಲರ ಕಾಲಕ್ಕೆ ಅದು ಸುದ್ದಿ ಹೊತ್ತು ಓಡುವವನಿಗೂ, ಸುದ್ದಿ ಕದ್ದು ತರುವವನಿಗೂ ನಿಂತಿತು. ಕನ್ನಡಕ್ಕೆ ಬಂದಾಗ ಅದು ‘ಹರಿಕಾರ’ ಆಯಿತು. ಕನ್ನಡದ ಕಿವಿಗೆ ‘ಹರಿ’ ಎಂದರೆ ಹರಿಯುವುದು, ವೇಗವಾಗಿ ಸಾಗುವುದು. ‘ಕಾರ’ವಂತೂ ಬಳೆಗಾರ ಓಲೆಕಾರರಲ್ಲಿ ಇರುವ ನಮ್ಮ ಮನೆಯ ಪ್ರತ್ಯಯ. ಹೀಗೆ ಪರಭಾಷೆಯ ಮಾತು ನಮ್ಮ ಉಡುಪು ತೊಟ್ಟು ನಮ್ಮದೇ ಆಯಿತು. ಊರಿಗೆ ಊರು ಕಾಯುತ್ತಿದ್ದ ಸುದ್ದಿಯನ್ನು ಎಲ್ಲರಿಗಿಂತ ಮುಂದೆ ತರುವವನಾದ್ದರಿಂದ, ಕಾಲಕ್ರಮದಲ್ಲಿ ಮುಂದಾಳಿಗೆ ಆ ಹೆಸರು ಸಂದಿತು. ಮಾತು ದೊಡ್ಡವರ ಪಾಲಾಯಿತು. ಓಡಿದವನು ಮರೆಗೆ ಸರಿದ.

‘ಅಂಚೆ’ ಎಂಬ ಮಾತಿನದು ಇನ್ನೂ ಸೊಗಸಾದ ಕಥೆ. ಸಂಸ್ಕೃತದ ‘ಹಂಸ’ ಹಳಗನ್ನಡದಲ್ಲಿ ‘ಅಂಚೆ’ಯಾಗುತ್ತದೆ. ನಳನ ಒಲವನ್ನು ದಮಯಂತಿಗೆ ತಲುಪಿಸಿದ್ದು ಹಂಸ; ಕನಕದಾಸರ ನಳಚರಿತ್ರೆಯನ್ನು ಓದಿದ ಯಾರಿಗೂ ಅದು ಮರೆಯದು. ಆದುದರಿಂದ ಓಲೆ ಒಯ್ಯುವ ಏರ್ಪಾಟಿಗೆ ಅಂಚೆಯೆಂದು ಹೆಸರಾಯಿತೆಂಬುದು ಒಂದು ಅಭಿಪ್ರಾಯ. ತಮಿಳು ಮಲಯಾಳಗಳಲ್ಲಿ ಇದೇ ಏರ್ಪಾಟಿಗೆ ‘ಅಂಚಲ್’ ಎಂಬ ಹೆಸರಿರುವುದನ್ನು ತೋರಿಸಿ, ಇದು ದಕ್ಷಿಣದ ಭಾಷೆಗಳ ಸಮಾನ ಸೊತ್ತು, ಹಕ್ಕಿಗೂ ಇದಕ್ಕೂ ನಂಟಿಲ್ಲವೆನ್ನುವವರೂ ಉಂಟು. ಪಂಡಿತರ ಈ ವಾದವನ್ನು ಪಂಡಿತರಿಗೇ ಬಿಡೋಣ. ಆದರೆ ಹಂಸದ ಕಲ್ಪನೆಯಲ್ಲಿ ಚಳಿಗಾಲದ ಒಂದು ನಂಟು ಅಡಗಿರುವುದನ್ನು ಹೇಳದೆ ಇರಲಾರೆ. ನಮ್ಮ ಪ್ರಾಚೀನರ ಹಂಸ ಪಟ್ಟೆತಲೆಯ ಹೆಬ್ಬಾತು ಇರಬಹುದೆಂದು ಕೆಲವು ಪಕ್ಷಿತಜ್ಞರು ಹೇಳುವುದುಂಟು. ಮಾಗಿ ಮೊದಲಾಗುತ್ತಲೆ ಅದು ಹಿಮಾಲಯವನ್ನು ದಾಟಿ ನಮ್ಮ ನಾಡಿಗೆ ಇಳಿಯುತ್ತದೆ. ಅದು ಬಂದು ಸೇರುವ ಹೆಸರಾಂತ ಕೆರೆಯ ಹೆಸರೂ ಮಾಗಡಿಯೇ. ಆದರೆ ಆ ಮಾಗಡಿ ಇರುವುದು ಗದಗ ಜಿಲ್ಲೆಯಲ್ಲಿ. ನಮ್ಮ ಕೆಂಪೇಗೌಡರ ಮಾಗಡಿಯ ದಾರಿಯಲ್ಲಿ ಚಳಿಗಾಲದಲ್ಲಿ ಓಲೆ ಹೊತ್ತು ಬರುತ್ತಿದ್ದ ಅಂಚೆಗೆ ರೆಕ್ಕೆಗಳಿರಲಿಲ್ಲ, ಎರಡು ಕಾಲುಗಳಿದ್ದವು.

ದಾರಿ ಹುಟ್ಟಿದ ಬಗೆ

ಮೈಸೂರು ಸೀಮೆಯಲ್ಲಿ ಅಂಚೆಯನ್ನು ಕ್ರಮವಾಗಿ ನೆಲೆಗೊಳಿಸಿದ ಕೀರ್ತಿ ಚಿಕ್ಕದೇವರಾಜ ಒಡೆಯರಿಗೆ ಸಲ್ಲುತ್ತದೆ. ಅವರು ಆಳಿದ್ದು 1673ರಿಂದ 1704ರವರೆಗೆ. ಚನ್ನಪಟ್ಟಣ ಅದಕ್ಕೆ ಮುಂಚೆಯೇ, ಜಗದೇವರಾಯನ ಮನೆತನದಿಂದ 1630ರಲ್ಲಿ, ಮೈಸೂರಿನ ವಶಕ್ಕೆ ಬಂದಿತ್ತು. 1687ರಲ್ಲಿ ಚಿಕ್ಕದೇವರಾಜರು ಮೊಗಲರ ಸರದಾರನಿಂದ ಬೆಂಗಳೂರನ್ನು ಪಡೆದರು. ಅಂದಿನಿಂದ ಶ್ರೀರಂಗಪಟ್ಟಣಕ್ಕೂ ಬೆಂಗಳೂರಿಗೂ ನಡುವಣ ಹೆದ್ದಾರಿಗೆ ಹೊಸ ಬೆಲೆ ಬಂದಿತು. ಮಾಗಡಿಯೂ ಸಾವನದುರ್ಗವೂ ಇನ್ನೂ ಕೆಂಪೇಗೌಡರ ವಂಶದವರ ಕೈಯಲ್ಲಿದ್ದವು. ಅವು ಮೈಸೂರಿಗೆ ಸೇರಿದ್ದು 1728ರಲ್ಲಿ. ಎಂದರೆ, ಎಡಗಡೆ ಪರರ ದುರ್ಗ, ಬಲಗಡೆ ಕಾನಕಾನಹಳ್ಳಿಯ ಕಾಡು, ನಡುವೆ ಚನ್ನಪಟ್ಟಣದಿಂದ ಬೆಂಗಳೂರಿಗೆ ಬಂಡೆಗಳ ಸಂದಿಯಲ್ಲಿ ನುಸುಳುವ ದಾರಿ. ನಲವತ್ತು ವರ್ಷಗಳ ಕಾಲ ಈ ದಾರಿಯ ಓಲೆಕಾರ ಗಡಿನಾಡಿನಲ್ಲಿ ಓಡಿದವನು.

ದಾರಿಯ ಅಪಾಯ ಆಮೇಲೂ ತಗ್ಗಲಿಲ್ಲ. ಮೂರನೆಯ ಮೈಸೂರು ಯುದ್ಧದಲ್ಲಿ ಕಾರ್ನ್‌ವಾಲಿಸನು 1791ರ ಮೇ ತಿಂಗಳಲ್ಲಿ ಕಾನಕಾನಹಳ್ಳಿಯ ಮಾರ್ಗವಾಗಿ ಶ್ರೀರಂಗಪಟ್ಟಣದತ್ತ ಹೋದ. ಟಿಪ್ಪುಸುಲ್ತಾನನು ಆ ಸೀಮೆಯಲ್ಲಿ ಶತ್ರುವಿಗೆ ಒಂದು ಹಿಡಿ ಮೇವೂ ಸಿಗದಂತೆ ಮಾಡಿದ್ದ. ಹಸಿದ ದಂಡು ಹಿಂದಿರುಗಬೇಕಾಯಿತು. ಆ ಪಾಠ ಕಲಿತ ಇಂಗ್ಲಿಷರು, ಬೆಂಗಳೂರಿನಿಂದ ಹೋಗುವ ದವಸಧಾನ್ಯದ ದಾರಿಯನ್ನು ಭದ್ರಪಡಿಸಿಕೊಳ್ಳಲು ಮೊದಲು ಈ ಬೆಟ್ಟದ ಕೋಟೆಗಳ ಮೇಲೆ ಬಿದ್ದರು. 1791ರ ಡಿಸೆಂಬರ್ 21ರಂದು, ಮಾಗಿಯ ನಡುವಿನಲ್ಲಿ, ಸಾವನದುರ್ಗ ಬಿದ್ದಿತು. ಅದೇ ತಿಂಗಳಲ್ಲಿ ರಾಮಗಿರಿ, ಹುತ್ರಿದುರ್ಗಗಳೂ ಅವರ ಕೈಸೇರಿದವು. ಕೋಟೆಗಳ ಕಥೆಯನ್ನು ಬರೆದವರು ಬಹಳ ಮಂದಿ. ಕೋಟೆಗಳನ್ನು ಹಿಡಿದದ್ದೇ ದಾರಿಗಾಗಿ. ಆ ದಾರಿಯಲ್ಲಿ ಎರಡೂ ಕಡೆಯ ಹರಿಕಾರರು ರಾತ್ರಿ ಹಗಲೆನ್ನದೆ ಓಡಿದ್ದರಿಂದಲೇ ಎರಡೂ ಕಡೆಯ ದಂಡನಾಯಕರಿಗೆ ಕಣ್ಣು ಕಿವಿಗಳಿದ್ದವು.

1799ರ ತರುವಾಯ ದಿವಾನ್ ಪೂರ್ಣಯ್ಯನವರ ಆಡಳಿತ. ಅವರು 1800ರಲ್ಲಿ ಅರ್ಕಾವತಿಯ ದಡದಲ್ಲಿ ಒಂದು ಹೊಸ ಪೇಟೆಯನ್ನು ಕಟ್ಟಿಸಿ, ಮೈಸೂರಿನ ಮೊದಲ ಬ್ರಿಟಿಷ್ ರೆಸಿಡೆಂಟ್ ಬ್ಯಾರಿ ಕ್ಲೋಸನ ಹೆಸರಿನಿಂದ ಕ್ಲೋಸ್‌ಪೇಟೆ ಎಂದು ಕರೆದರು. ಹೊಸ ಊರು ಕಟ್ಟಿದ ಕಾರಣವನ್ನು ಹಳೆಯ ಗೆಜೆಟಿಯರುಗಳು ಸ್ಪಷ್ಟವಾಗಿ ಹೇಳುತ್ತವೆ: ಕಾಡುಮೇಡಾದ ಈ ಭಾಗದಲ್ಲಿ ಹೆದ್ದಾರಿಯ ರಕ್ಷಣೆಗಾಗಿ. ಇಂದಿನ ರಾಮನಗರ ದಾರಿಹೋಕನ ಭಯದಿಂದ ಹುಟ್ಟಿದ ಊರು. ಕೆಂಗಲ್ ಹನುಮಂತಯ್ಯನವರ ಕಾಲದಲ್ಲಿ ಅದಕ್ಕೆ ರಾಮನಗರವೆಂಬ ಹೆಸರಾಯಿತು. ಕಾನಕಾನಹಳ್ಳಿ ಕನಕಪುರವಾಯಿತು. ಈ ಸೀಮೆ 2007ರಲ್ಲಿ ಬೆಂಗಳೂರು ಗ್ರಾಮಾಂತರದಿಂದ ಬೇರೆಯಾಗಿ ರಾಮನಗರ ಜಿಲ್ಲೆಯಾಯಿತು. 2025ರಲ್ಲಿ ಜಿಲ್ಲೆಗೆ ಬೆಂಗಳೂರು ದಕ್ಷಿಣವೆಂಬ ಹೆಸರು ಬಂದಿತು. ಹೆಸರುಗಳು ಎಷ್ಟು ಬದಲಾದರೂ ದಾರಿ ಮಾತ್ರ ಅದೇ ಬಂಡೆಗಳ ನಡುವೆಯೇ ಹೋಗುತ್ತದೆ.

ಗೆಜ್ಜೆಯ ಕೋಲು

ಕಾಲ್ನಡೆಯ ಅಂಚೆ ನಮ್ಮ ದೇಶಕ್ಕೆ ಬಹಳ ಹಳೆಯದು. ಹದಿನಾಲ್ಕನೆಯ ಶತಮಾನದಲ್ಲಿ ತುಘಲಕನ ದಿಲ್ಲಿಗೆ ಬಂದ ಇಬ್ನ್ ಬತೂತ ಅದನ್ನು ಕಣ್ಣಾರೆ ಕಂಡು ವಿವರಿಸಿದ್ದಾನೆ. ಒಂದು ಮೈಲಿಗೆ ಮೂರು ಚಾವಡಿ. ಓಡುವವನ ಒಂದು ಕೈಯಲ್ಲಿ ಓಲೆ. ಇನ್ನೊಂದರಲ್ಲಿ ಎರಡು ಮೊಳದ ಕೋಲು, ಅದರ ತುದಿಗೆ ತಾಮ್ರದ ಗೆಜ್ಜೆಗಳು. ಗೆಜ್ಜೆಯ ದನಿ ಕಿವಿಗೆ ಬಿದ್ದ ಕೂಡಲೆ ಮುಂದಿನ ಚಾವಡಿಯವನು ನಡುಕಟ್ಟಿ ನಿಲ್ಲುತ್ತಾನೆ. ಓಲೆಯನ್ನು ತೆಗೆದುಕೊಂಡವನೇ ಓಡುತ್ತಾನೆ. ಕುದುರೆಯ ಅಂಚೆಗಿಂತ ಈ ಕಾಲಿನ ಅಂಚೆಯೇ ಬೇಗ ಮುಟ್ಟುತ್ತಿತ್ತೆಂದು ಅವನು ಬರೆದಿದ್ದಾನೆ. ಖುರಾಸಾನಿನ ಹಣ್ಣೂ, ದೌಲತಾಬಾದಿನಲ್ಲಿದ್ದ ಸುಲ್ತಾನನ ಕುಡಿಯುವ ಗಂಗಾಜಲವೂ ಹೀಗೆಯೇ ಮನುಷ್ಯರ ಹೆಗಲ ಮೇಲೆ ಓಡಿ ಬರುತ್ತಿದ್ದವು.

ಇದೇ ಗೆಜ್ಜೆ ಐದು ಶತಮಾನಗಳ ತನಕ ಹೆಚ್ಚು ಬದಲಾಗದೆ ಉಳಿಯಿತು. ತಿರುವಾಂಕೂರಿನ ಅಂಚಲ್ ಓಟಗಾರನ ಕೋಲಿಗೂ ಗೆಜ್ಜೆಯಿತ್ತು. ಅದರ ದನಿ ಕೇಳಿದೊಡನೆ ದಾರಿಯಲ್ಲಿದ್ದವರು ಪಕ್ಕಕ್ಕೆ ಸರಿಯಬೇಕಿತ್ತು. ಇಂಗ್ಲಿಷ್ ಕಂಪನಿಯ ಟಪ್ಪಾಲಿನಲ್ಲಿಯೂ ಚೀಲ, ಈಟಿ, ಗೆಜ್ಜೆ ಮೂರೂ ಇದ್ದವು. ಕಾಡಿನ ಪಾಳಿಗಳಲ್ಲಿ ರಾತ್ರಿಯ ಓಟಕ್ಕೆ ಪಂಜು ಹಿಡಿಯುವವರನ್ನೂ, ಹುಲಿಯನ್ನು ಬೆದರಿಸಲು ತಮಟೆ ಬಾರಿಸುವವರನ್ನೂ ಜೊತೆಗೆ ಕಳಿಸುವ ಪದ್ಧತಿ ಕಂಪನಿಯ ಸೀಮೆಯಲ್ಲಿತ್ತು. ಪಾಳಿಯ ಉದ್ದ ಕೆಲವೆಡೆ ಐದು ಮೈಲಿ, ಕೆಲವೆಡೆ ಎಂಟು ಮೈಲಿ.

ಈಗ ಒಂದು ಸಣ್ಣ ಲೆಕ್ಕ ಹಾಕಿ ನೋಡೋಣ. ಬೆಂಗಳೂರಿನಿಂದ ಶ್ರೀರಂಗಪಟ್ಟಣಕ್ಕೆ ಸುಮಾರು 125 ಕಿಲೋಮೀಟರ್. ಒಬ್ಬೊಬ್ಬನಿಗೆ ಎಂಟು ಕಿಲೋಮೀಟರಿನ ಪಾಳಿಯೆಂದರೆ ಹದಿನಾರು ಮಂದಿ ಬೇಕು. ಗಂಟೆಗೆ ಎಂಟು ಕಿಲೋಮೀಟರಿನಂತೆ ಓಡಿದರೆ ಹದಿನಾರು ಗಂಟೆಯ ದಾರಿ. ಸಂಜೆ ಆರಕ್ಕೆ ಬೆಂಗಳೂರು ಬಿಟ್ಟ ಚೀಲ ಮಾರನೆಯ ದಿನ ಹತ್ತು ಗಂಟೆಯ ಹೊತ್ತಿಗೆ ಕಾವೇರಿಯನ್ನು ಮುಟ್ಟೀತು. ಅದು ಬಿಡದಿಯನ್ನು ದಾಟಿ ರಾಮಗಿರಿಯ ಬಂಡೆಗಳ ನಡುವೆ ಬರುವ ಹೊತ್ತಿಗೆ ನಡುರಾತ್ರಿ. ಚನ್ನಪಟ್ಟಣವನ್ನು ಬಿಡುವಾಗ ಎರಡನೆಯ ಕೋಳಿ ಕೂಗಿರದು. ಎಂದರೆ ಇಡೀ ದಾರಿಯಲ್ಲಿ ಚಳಿಯೂ ಕತ್ತಲೂ ಕಾಡೂ ಒಟ್ಟಿಗೆ ಕೂಡುವ ತುಂಡು ನಮ್ಮ ಸೀಮೆಯವನ ಪಾಲಿಗೇ ಬಂದಿತು.

ಚಳಿಯೆಂಬ ಗೆಳೆಯ, ಚಳಿಯೆಂಬ ಹಗೆ

ನಮ್ಮ ಸೀಮೆಯ ಚಳಿ ಹಿಮ ಸುರಿಸುವ ಚಳಿಯಲ್ಲ, ನಿಜ. ಆದರೆ ಬಯಲುಸೀಮೆಯ ಮಾಗಿಯನ್ನು ಬರಿಮೈಯಲ್ಲಿ ಎದುರಿಸಿದವರು ಅದನ್ನು ಹಗುರಾಗಿ ಎಣಿಸಲಾರರು. ಬೆಂಗಳೂರಿನಲ್ಲಿ ಈವರೆಗೆ ದಾಖಲಾದ ಅತಿ ಕಡಮೆಯ ಉಷ್ಣತೆ 7.8 ಡಿಗ್ರಿ ಸೆಲ್ಸಿಯಸ್; ಅದು 1884ರ ಜನವರಿ 13ರ ದಾಖಲೆ, ಸಂಕ್ರಾಂತಿಯ ಆಸುಪಾಸಿನ ದಿನ. ಈ ತಾರೀಖನ್ನು ಓದಿದಾಗ ನನಗೆ ಹೊಳೆದದ್ದು ಬೇರೊಂದು ಸಂಗತಿ. 1884ರಲ್ಲಿ ಮೈಸೂರಿನ ಅಂಚೆ ಇನ್ನೂ ಇತ್ತು. ಚನ್ನಪಟ್ಟಣಕ್ಕೆ ಆ ವೇಳೆಗೆ ರೈಲು ಬಂದಿದ್ದರೂ ಮಾಗಡಿಗಾಗಲಿ ಕಾನಕಾನಹಳ್ಳಿಗಾಗಲಿ ಬಂದಿರಲಿಲ್ಲ. ಯಂತ್ರದ ದಾಖಲೆಯಲ್ಲಿ ಆ ಚಳಿ ಉಳಿಯಿತು. ಅಂಥ ಚಳಿಯ ರಾತ್ರಿಗಳಲ್ಲಿ ಹೊರಗೆ ಇರಲೇಬೇಕಾಗಿದ್ದವರು ಉಳಿಯಲಿಲ್ಲ.

ಓಡುವವನಿಗೆ ಚಳಿ ಒಂದು ಬಗೆಯಲ್ಲಿ ಗೆಳೆಯನೇ. ಸ್ನಾಯುಗಳು ಸುಡುವ ಶಕ್ತಿಯಲ್ಲಿ ಸುಮಾರು ನಾಲ್ಕನೆಯ ಒಂದು ಪಾಲು ಮಾತ್ರ ಓಟಕ್ಕೆ ಸಲ್ಲುತ್ತದೆ. ಉಳಿದುದೆಲ್ಲ ಶಾಖವಾಗಿ ಹೊರಹೋಗಬೇಕು. ಬೇಸಗೆಯ ಮಧ್ಯಾಹ್ನದಲ್ಲಿ ಆ ಶಾಖವೇ ಓಟಗಾರನನ್ನು ಕೆಡಹುತ್ತದೆ. ಮಾಗಿಯ ಇರುಳಿನಲ್ಲಿ ತಣ್ಣನೆಯ ಗಾಳಿ ಅದನ್ನು ಒಯ್ಯುತ್ತದೆ. ಮೊದಲ ಅರ್ಧ ಮೈಲಿ ನಡುಗಿದವನು ಆಮೇಲೆ ಹಾಯಾಗಿ ಓಡಬಲ್ಲ. ಕೇಡು ಇರುವುದು ನಿಂತಾಗ. ಬೆವರಿನಲ್ಲಿ ತೊಯ್ದ ಮೈಗೆ ಚಳಿಗಾಳಿ ಸೋಕಿದರೆ ಕ್ಷಣದಲ್ಲಿ ಕಾವು ಇಳಿಯುತ್ತದೆ. ಚೀಲವನ್ನು ಒಪ್ಪಿಸಿ, ಎದುರಿನಿಂದ ಬರುವ ಚೀಲಕ್ಕಾಗಿ ಕಾಯುತ್ತ ಚಾವಡಿಯ ಜಗಲಿಯಲ್ಲಿ ಕೂತವನಿಗೆ ಅಂಥ ಹೊತ್ತು ಬಹಳ ಕಷ್ಟದ್ದು. ಅಲ್ಲಿ ಒಂದು ಕಂಬಳಿಯೂ ಒಂದು ಕೊಳ್ಳಿಯೂ ಎಷ್ಟು ಬೆಲೆಬಾಳುವ ಸೊತ್ತೆಂಬುದನ್ನು ನಾವು ಊಹಿಸಿಕೊಳ್ಳಬಹುದು.

ಇನ್ನು ನೀರು. ಅರ್ಕಾವತಿ, ಕಣ್ವ, ಶಿಂಷಾ: ಈ ಹೊಳೆಗಳಿಗೆ ಗಟ್ಟಿ ಸೇತುವೆಗಳಾದದ್ದು ತಡವಾಗಿ. ಶ್ರೀರಂಗಪಟ್ಟಣದಲ್ಲಿ ಕಾವೇರಿಗೆ ಪೂರ್ಣಯ್ಯನವರು ಕಲ್ಲಿನ ಸೇತುವೆ ಕಟ್ಟಿಸಿದ್ದೇ 1804ರಲ್ಲಿ. ಅದಕ್ಕೆ ಮುನ್ನ ಮೊಣಕಾಲುದ್ದದ ತಣ್ಣೀರಿನಲ್ಲಿ ಇಳಿದು, ಚೀಲವನ್ನು ತಲೆಯ ಮೇಲೆತ್ತಿ ದಾಟಿ, ಒದ್ದೆ ಕಾಲಿನಲ್ಲಿ ಮತ್ತೆ ಓಡಬೇಕು. ಕಾಡಿನ ಸಂಗತಿ ಹೇಳುವುದೇ ಬೇಡ. ಇಂದಿಗೂ ರಾಮನಗರದ ಬಂಡೆಗಳಲ್ಲಿ ಚಿರತೆಯೂ ಕರಡಿಯೂ ಇವೆ. ಕನಕಪುರದ ಕಡೆ ಆನೆಗಳು ರಾತ್ರಿ ರಾಗಿಯ ಹೊಲಕ್ಕೆ ಇಳಿಯುತ್ತವೆ. ಸುಗ್ಗಿಯ ಕಾಲವೂ ಚಳಿಯ ಕಾಲವೂ ಒಂದೇ ಆದ್ದರಿಂದ, ಓಲೆಕಾರ ಓಡುವ ದಿನಗಳಲ್ಲೇ ಆನೆಯೂ ಹೊರಡುತ್ತದೆ.

ಆದರೂ ಮಾಗಿ ಅವನಿಗೆ ಒಂದು ಉಪಕಾರವನ್ನು ಮಾಡುತ್ತಿತ್ತು. ಗಾಳಿಯಿಲ್ಲದ ಚಳಿಯ ರಾತ್ರಿಗಳಲ್ಲಿ ನೆಲ ಬೇಗ ತಣ್ಣಗಾಗಿ, ನೆಲದ ಬಳಿಯ ಗಾಳಿ ಮೇಲಿನ ಗಾಳಿಗಿಂತ ತಂಪಾಗುತ್ತದೆ. ಆಗ ಮೇಲಕ್ಕೆ ಹೋಗಬೇಕಾದ ದನಿ ಬಾಗಿ ನೆಲಕ್ಕೇ ಮರಳುತ್ತದೆ. ಹಗಲು ಕೇಳದ ಸದ್ದು ಇರುಳಿನಲ್ಲಿ ಬಹುದೂರ ಕೇಳುತ್ತದೆ. ಮಾಗಿಯ ರಾತ್ರಿ ಮೂರು ಹಳ್ಳಿಯಾಚೆಯ ಭಜನೆ ನಮ್ಮ ಅಂಗಳದಲ್ಲೇ ನಡೆದಂತೆ ಕೇಳುವುದನ್ನು ಹಳ್ಳಿಯಲ್ಲಿ ಬೆಳೆದವರೆಲ್ಲ ಬಲ್ಲರು. ಮಂಜಿನಲ್ಲಿ ಪಂಜು ಕಾಣದಿದ್ದರೂ ಗೆಜ್ಜೆ ಕೇಳುತ್ತಿತ್ತು. ಕಂಬಳಿಯೊಳಗೆ ಮುದುಡಿಕೊಂಡಿದ್ದ ಮುಂದಿನ ಪಾಳಿಯವನಿಗೆ ಎದ್ದು ಮೈ ಬಿಸಿಮಾಡಿಕೊಳ್ಳಲು ಅಷ್ಟು ಸಮಯ ಹೆಚ್ಚಿಗೆ ಸಿಕ್ಕಂತಾಯಿತು.

ಚೀಲದೊಳಗೆ ಏನಿತ್ತು?

ಓಲೆಕಾರನನ್ನು ನೆನೆದು ಕರಗುವುದು ಸುಲಭ. ಆದರೆ ಅವನು ಹೊತ್ತದ್ದೇನೆಂದು ಕೇಳದಿದ್ದರೆ ಇತಿಹಾಸಕ್ಕೆ ಅನ್ಯಾಯವಾದೀತು. ಮೈಸೂರಿನ ಚರಿತ್ರೆಯನ್ನು 1810ರಿಂದ 1817ರ ನಡುವೆ ಮೂರು ಸಂಪುಟಗಳಲ್ಲಿ ಪ್ರಕಟಿಸಿದ ವಿಲ್ಕ್ಸನು, ಚಿಕ್ಕದೇವರಾಜರ ಅಂಚೆ ಬರಿಯ ಓಲೆ ಸಾಗಿಸುವ ಇಲಾಖೆಯಾಗಿರಲಿಲ್ಲವೆನ್ನುತ್ತಾನೆ. ಊರೂರಿನ ಅಂಚೆಯ ಅಧಿಕಾರಿ ಅರಮನೆಯ ಗುಪ್ತ ನಂಬುಗೆಯ ಆಳು. ಯಾರು ಏನು ಮಾತಾಡಿದರು, ಯಾವ ಪಾಳೆಯಗಾರ ಯಾರೊಡನೆ ಕೂಡಿದ, ಯಾವ ಊರು ತೆರಿಗೆಗೆ ತಲೆಯಾಡಿಸಲಿಲ್ಲ ಎಂಬುದೆಲ್ಲ ಆ ಚೀಲದಲ್ಲಿ ಸೇರಿ ಪಟ್ಟಣಕ್ಕೆ ಹೋಗುತ್ತಿತ್ತು. ಹೈದರಾಲಿಯ ಕಾಲಕ್ಕೆ ಈ ಏರ್ಪಾಟು ಇನ್ನೂ ಬಿಗಿಯಾಗಿ ಜನರ ಎದೆಯಲ್ಲಿ ಅಂಜಿಕೆ ಹುಟ್ಟಿಸಿತೆಂದೂ ಅವನು ಹೇಳುತ್ತಾನೆ. ವಿಲ್ಕ್ಸ್ ಇಂಗ್ಲಿಷರ ಕಡೆಯವನು, ಮೈಸೂರಿನ ದೊರೆಗಳ ವಿಷಯದಲ್ಲಿ ಅವನ ಮಾತನ್ನು ತೂಗಿ ನೋಡಬೇಕು, ಸರಿ. ಆದರೆ ಅಂಚೆಗೂ ಗೂಢಚರ್ಯೆಗೂ ಇದ್ದ ನಂಟು ಲೋಕದ ಎಲ್ಲ ಅರಸರಲ್ಲೂ ಇದ್ದದ್ದೇ. ‘ಹರಿಕಾರ’ ಎಂಬ ಮಾತಿನಲ್ಲಿಯೇ ಎರಡೂ ಅರ್ಥ ಸೇರಿದೆಯಲ್ಲ!

ಇಲ್ಲಿರುವ ಕರುಣೆಯ ಸಂಗತಿಯೆಂದರೆ, ಹೊತ್ತವನಿಗೆ ಹೊರೆ ತಿಳಿಯದು. ಮಗಳ ಮದುವೆಯ ಸುದ್ದಿಯನ್ನೂ, ಒಂದು ಊರಿನ ಮೇಲಿನ ಚಾಡಿಯನ್ನೂ ಅವನು ಒಂದೇ ವೇಗದಲ್ಲಿ ಒಯ್ದ. ತನ್ನ ಊರಿನ ತೆರಿಗೆಯನ್ನು ಏರಿಸುವ ಅಪ್ಪಣೆಯನ್ನೇ ಚಳಿಯಲ್ಲಿ ನಡುಗುತ್ತ ತನ್ನ ಊರಿಗೆ ತಂದಿರಲೂಬಹುದು. ಓದಲು ಬಾರದವನ ಹೆಗಲ ಮೇಲೆ ಓದಬಲ್ಲವರ ರಾಜ್ಯಭಾರವೆಲ್ಲ ನಡೆಯಿತು.

ಗೆಜ್ಜೆ ನಿಂತದ್ದು

1831ರಲ್ಲಿ ಆಡಳಿತ ಇಂಗ್ಲಿಷರ ಕೈಸೇರಿದ ಮೇಲೂ ಅಂಚೆ ಮುಂದುವರಿಯಿತು. ಕಬ್ಬನ್ ಸಾಹೇಬನ ಕಾಲದಲ್ಲಿ, 1834ರಿಂದ 1861ರವರೆಗೆ, ಸಂಸ್ಥಾನದಲ್ಲಿ ಸುಮಾರು 1600 ಮೈಲಿ ರಸ್ತೆಗಳಾದವು. 1850ರ ದಶಕದಲ್ಲಿ ತಂತಿ ಬಂದಿತು. 1854ರಲ್ಲಿ ಬ್ರಿಟಿಷ್ ಇಂಡಿಯಾದ ಅಂಚೆ ಕಾಯಿದೆಯಾಗಿ, ದೂರ ಎಷ್ಟೇ ಇರಲಿ, ಕಾಲು ತೊಲದ ಕಾಗದಕ್ಕೆ ಅರ್ಧಾಣೆಯೆಂಬ ನಿಯಮ ಬಂದಿತು. ಅರಸರ ಗುಟ್ಟಿನ ಚೀಲ ಮೆಲ್ಲಮೆಲ್ಲನೆ ಬಡವರ ಕಾಗದದ ಚೀಲವಾಯಿತು. ಓಡುವವನ ಕೆಲಸಕ್ಕೆ ಬಂದ ದೊಡ್ಡ ಬದಲಾವಣೆಯೆಂದರೆ ಇದೇ ಎನ್ನಬೇಕು.

1876–78ರ ಘೋರಕ್ಷಾಮದಲ್ಲಿ ಹಸಿದವರಿಗೆ ಕೂಲಿ ಕೊಡಲು ಆರಂಭವಾದ ಬೆಂಗಳೂರು–ಮೈಸೂರು ರೈಲುದಾರಿ 1881–82ರಲ್ಲಿ ತೆರೆಯಿತು. ಕ್ಲೋಸ್‌ಪೇಟೆ ಚನ್ನಪಟ್ಟಣಗಳ ಅಂಚೆಯ ಚೀಲ ರೈಲು ಹತ್ತಿತು. ಹದಿನಾರು ಮಂದಿಯ ರಾತ್ರಿಯನ್ನು ಒಂದು ಎಂಜಿನು ಕೆಲವು ಗಂಟೆಗಳಲ್ಲಿ ನುಂಗಿತು. 1889ರಲ್ಲಿ ಮೈಸೂರು ಅಂಚೆ ಬ್ರಿಟಿಷ್ ಇಂಡಿಯಾದ ಅಂಚೆಯೊಡನೆ ವಿಲೀನವಾಯಿತು. ಇಲಾಖೆ ಹೋದರೂ ಹೆಸರು ಹೋಗಲಿಲ್ಲ. ಉತ್ತರದಲ್ಲಿ ‘ಡಾಕ್’ ಎನ್ನುವುದನ್ನು ನಾವು ಇಂದಿಗೂ ಚಿಕ್ಕದೇವರಾಜರ ಕಾಲದ ಮಾತಿನಿಂದಲೇ ಅಂಚೆಯೆನ್ನುತ್ತೇವೆ. ತಿರುವಾಂಕೂರು–ಕೊಚ್ಚಿಯ ಅಂಚಲ್ 1951ರವರೆಗೂ ಬಾಳಿ ವಿಲೀನವಾಯಿತು. ಆದರೆ ಅಲ್ಲಿ ಆ ಮಾತು ಬಳಕೆಯಿಂದ ಬಹುಮಟ್ಟಿಗೆ ಜಾರಿತು. ಮಾತನ್ನು ಉಳಿಸಿಕೊಂಡದ್ದು ಕನ್ನಡದ ಭಾಗ್ಯ.

ಮಾಗಡಿಗೂ ಕನಕಪುರಕ್ಕೂ ಇಂದಿನವರೆಗೆ ರೈಲಿಲ್ಲ. ಆ ದಾರಿಗಳಲ್ಲಿ ಓಟಗಾರನ ಕೆಲಸವನ್ನು ಕಡೆಗೆ ಕಸಿದುಕೊಂಡದ್ದು ಮೋಟಾರು. ಬೆಂಗಳೂರು–ಮೈಸೂರು ನಡುವಣ ಹೊಸ ಹೆದ್ದಾರಿ 2023ರ ಮಾರ್ಚಿಯಲ್ಲಿ ಉದ್ಘಾಟನೆಯಾದ ಮೇಲೆ, ರಾಮನಗರ ಚನ್ನಪಟ್ಟಣಗಳನ್ನು ಪಕ್ಕಕ್ಕಿಟ್ಟು ವಾಹನಗಳು ಹಾರುತ್ತವೆ. ಕಾಲಿನವನಿಗೆ ಅಲ್ಲಿ ಪ್ರವೇಶವೇ ಇಲ್ಲ.

ಕಲ್ಲು ನಿಲ್ಲದವನು

ಗ್ರೀಸಿನಲ್ಲಿ ಮ್ಯಾರಥಾನಿನ ಬಯಲಿನಿಂದ ಆಥೆನ್ಸಿಗೆ ಗೆಲುವಿನ ಸುದ್ದಿ ತಂದು ಪ್ರಾಣಬಿಟ್ಟ ಓಟಗಾರನ ಕಥೆಯನ್ನು ಲೋಕವೆಲ್ಲ ಬಲ್ಲದು. ಆ ಕಥೆಯಲ್ಲಿ ಚರಿತ್ರೆ ಎಷ್ಟು, ಕಲ್ಪನೆ ಎಷ್ಟು ಎಂಬ ಚರ್ಚೆಯಿದ್ದರೂ, 1896ರಿಂದ ಅವನ ಹೆಸರಿನಲ್ಲಿ ಜನ ಓಡುತ್ತಲೇ ಇದ್ದಾರೆ. ಇಂದು ಅದರ ದೂರ 42.195 ಕಿಲೋಮೀಟರ್. ಬೆಂಗಳೂರಿನಿಂದ ರಾಮನಗರದ ದೂರ ಅದಕ್ಕಿಂತ ಸ್ವಲ್ಪ ಹೆಚ್ಚೇ. ಪಾರಸಿಕರ ಕುದುರೆಯ ಅಂಚೆಯವರನ್ನು ಹಿರೊಡೊಟಸ್ ಹೊಗಳಿದ. ಆ ಹೊಗಳಿಕೆಯನ್ನು ಅಮೆರಿಕದವರು ನ್ಯೂಯಾರ್ಕಿನ ಅಂಚೆಮನೆಯ ಮೇಲೆ ಕೆತ್ತಿಸಿಕೊಂಡರು. ಬಂಗಾಳದಲ್ಲಿ, ಇಪ್ಪತ್ತರ ಪ್ರಾಯದಲ್ಲೇ 1947ರಲ್ಲಿ ತೀರಿಕೊಂಡ ಕವಿ ಸುಕಾಂತ ಭಟ್ಟಾಚಾರ್ಯರು ಅಂಚೆಯ ಓಟಗಾರನ ಮೇಲೆ ಬರೆದ ಕವಿತೆ ಹಾಡಾಗಿ ಮನೆಮನೆಗೂ ಮುಟ್ಟಿತು.

ನಮ್ಮಲ್ಲಿ? ಕಲ್ಲು ನಿಲ್ಲಿಸುವುದರಲ್ಲಿ ಕನ್ನಡಿಗರು ಯಾರಿಗೂ ಹಿಂದಲ್ಲ. ಹುಲಿಯೊಡನೆ ಹೋರಾಡಿ ಸತ್ತವನಿಗೆ ಕಲ್ಲಿದೆ. ತುರುಗಳನ್ನು ಕಾಯ್ದವನಿಗೆ ಕಲ್ಲಿದೆ. ಚನ್ನಪಟ್ಟಣದ ನೆರೆಯ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ, ಹಂದಿಯೊಡನೆ ಕಾದು ಮಡಿದ ಕಾಳಿಯೆಂಬ ನಾಯಿಯ ನೆನಪಿಗಾಗಿ ಹತ್ತನೆಯ ಶತಮಾನದಲ್ಲೇ ಶಾಸನ ಹಾಕಿಸಿದವರು ನಾವು. ಅಷ್ಟು ದೊಡ್ಡ ಮನಸ್ಸಿನ ನಾಡಿನಲ್ಲಿ, ಇನ್ನೂರು ವರ್ಷ ಚಳಿಯಲ್ಲಿ ಓಡಿದವನಿಗೆ ಒಂದು ಕಲ್ಲು ಏಕೆ ಏಳಲಿಲ್ಲ? ಅವನ ಕೆಲಸದಲ್ಲಿ ಕಾದಾಟವಿರಲಿಲ್ಲ. ದಿನದ ಕೂಲಿ ಇತ್ತು. ಕೆಲಸ ಸರಿಯಾಗಿ ನಡೆದ ರಾತ್ರಿ ಯಾವ ಸುದ್ದಿಯೂ ಹುಟ್ಟುವುದಿಲ್ಲ. ಚೀಲ ಮುಟ್ಟುತ್ತದೆ, ಅಷ್ಟೆ. ಸುದ್ದಿ ಹೊತ್ತವನು ತಾನೇ ಸುದ್ದಿಯಾಗುವುದು ಹುಲಿ ಹಿಡಿದಾಗ ಮಾತ್ರ. ಅವನಿಗೆ ಉಳಿದ ಸ್ಮಾರಕವೆಂದರೆ ಕನ್ನಡದ ಎರಡು ಮಾತುಗಳು: ಅಂಚೆ, ಹರಿಕಾರ. ಒಂದನ್ನು ಇಲಾಖೆಗೆ ಕೊಟ್ಟೆವು, ಇನ್ನೊಂದನ್ನು ಮಹಾಪುರುಷರಿಗೆ ಕೊಟ್ಟೆವು. ಆ ಮಾತುಗಳನ್ನು ಬಳಸುವಾಗ ಮೂಲದವನನ್ನು ಒಮ್ಮೆ ನೆನೆಯುವುದು ನಮ್ಮಂಥ ಮೇಷ್ಟ್ರುಗಳ ಸಾಲ.

ಮಾರನೆಯ ವಾರ ತರಗತಿಯಲ್ಲಿ ಆ ಸಾಲದ ಒಂದಿಷ್ಟನ್ನು ತೀರಿಸಿದೆ. ಪಾಠವನ್ನು ಬದಿಗಿಟ್ಟು ಮೇಲಿನ ಸಂಗತಿಗಳನ್ನೆಲ್ಲ ಹೇಳಿದೆ. ಹಿಂದಿನ ಬೆಂಚಿನ ಹುಡುಗ ಆ ದಿನ ತೂಕಡಿಸಲಿಲ್ಲ. ಗಂಟೆ ಬಾರಿಸಿದ ಮೇಲೆ ಹತ್ತಿರ ಬಂದು ಒಂದು ಪ್ರಶ್ನೆ ಕೇಳಿದ. ಗೆಜ್ಜೆಯ ವಿಷಯವಲ್ಲ, ಹುಲಿಯ ವಿಷಯವೂ ಅಲ್ಲ. ಓಡುವವನೊಬ್ಬನಿಗೆ ಮಾತ್ರ ಹೊಳೆಯಬಹುದಾದ ಪ್ರಶ್ನೆ. “ಸಾರ್, ಚೀಲ ಕೊಟ್ಟಾದ ಮೇಲೆ ಅವನು ಊರಿಗೆ ಹಿಂದಕ್ಕೆ ಹೇಗೆ ಬರುತ್ತಿದ್ದ?”

“ಎದುರಿನಿಂದ ಬಂದ ಚೀಲವನ್ನು ಹೊತ್ತುಕೊಂಡು, ಮತ್ತೆ ಓಡಿಕೊಂಡೇ ಬರುತ್ತಿದ್ದ” ಎಂದೆ.

ಹುಡುಗ ಸ್ವಲ್ಪ ಹೊತ್ತು ಸುಮ್ಮನೆ ನಿಂತ. ಆಮೇಲೆ ತಲೆಯಾಡಿಸಿ, ನಾಳೆ ಬೆಳಿಗ್ಗೆ ಬೇಗ ಏಳಬೇಕೆಂದು ಹೇಳಿ ಹೊರಟುಹೋದ.